ದಾರ ಕಟ್ಟಿದ ಡೈರಿ

ಸಿಸ್ಟರಮ್ಮನ ಎಡ ಅಂಗೈ ಯಾವಾಗಲೂ ನೀಲಿಯಾಗಿರುತ್ತಿತ್ತು. ಫೋನಿನಲ್ಲಿ ಯಾರಾದರೂ ಏನಾದರೂ ಹೇಳಿದರೆ ಕಾಗದ ಹುಡುಕುವಷ್ಟು ತಾಳ್ಮೆ ಅವರಿಗಿರಲಿಲ್ಲ. ರಿಸೀವರನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಪೆನ್ನಿನಿಂದ ಅಂಗೈ ಮೇಲೇ ಬರೆದುಕೊಳ್ಳುತ್ತಿದ್ದರು. ಆಮೇಲೆ ನನ್ನ ಬೂತಿನ ಸ್ಟೂಲಿನಲ್ಲಿ ಕೂತು, ಕೈಯನ್ನು ಬೆಳಕಿಗೆ ಹಿಡಿದು, ಅಲ್ಲಿದ್ದುದನ್ನೆಲ್ಲ ಕೆಂಪು ರಟ್ಟಿನ ಪುಸ್ತಕಕ್ಕೆ ಇಳಿಸಿ, ಹೊರಗಿನ ಬಿಂದಿಗೆ ನೀರಲ್ಲಿ ಕೈ ತೊಳೆಯುವರು. "ಒಂದು ಹೆರಿಗೆ ಪುಸ್ತಕಕ್ಕೆ ಹೋಯ್ತು ಮಾರಾಯ್ತಿ. ಇನ್ನು ಈ ಕೈ ಮುಂದಿನ ಹೆರಿಗೆಗೆ" ಎನ್ನುವರು.

ಇದು ತೊಂಬತ್ತರ ದಶಕದ ಕೊನೆಯ ಮಾತು. ಶಿಕಾರಿಪುರದಲ್ಲಿ ಆಸ್ಪತ್ರೆ ರಸ್ತೆಯ ಮೂಲೆಗೆ ನನ್ನದೊಂದು ಎಸ್‌ಟಿಡಿ ಬೂತಿತ್ತು. ಸಿಸ್ಟರಮ್ಮ ಬಳ್ಳಿಗಾವಿ ಮತ್ತು ಅದರ ಸುತ್ತಲಿನ ಹಳ್ಳಿಗಳ ಬಸುರಿ ಬಾಣಂತಿಯರನ್ನು ನೋಡಿಕೊಳ್ಳುವ ಸರ್ಕಾರಿ ನರ್ಸು. ಹುಟ್ಟಿದ್ದು ಸೊರಬದ ಆಚೆ ಚಂದ್ರಗುತ್ತಿ ಕಡೆ. ಮದುವೆಯಾಗಿರಲಿಲ್ಲ. ಕ್ವಾರ್ಟರ್ಸಿನಲ್ಲಿ ಫೋನಿರಲಿಲ್ಲವಾದ್ದರಿಂದ ಹಳ್ಳಿಗಳಿಂದ ಅವರಿಗೆ ಬರುವ ಫೋನೆಲ್ಲ ನನ್ನ ಬೂತಿಗೇ ಬರುತ್ತಿತ್ತು. ನಾನು ಓಡಿಹೋಗಿ ಕರೆದುಕೊಂಡು ಬರಬೇಕಿತ್ತು.

ಸರ್ಕಾರಕ್ಕೆ ತೋರಿಸುವ ರಿಜಿಸ್ಟರು ಬೇರೆ, ಕೆಂಪು ಪುಸ್ತಕ ಬೇರೆ. ಯಾರಿಗೆ ಎಷ್ಟು ತಿಂಗಳು, ಯಾರ ಮೈಯಲ್ಲಿ ರಕ್ತವಿಲ್ಲ, ಯಾರ ಗಂಡ ಕೈ ಮಾಡುತ್ತಾನೆ, ಯಾವ ಊರಿನ ಯಾವ ಅಂಗಡಿಗೆ ಫೋನು ಮಾಡಿದರೆ ಸುದ್ದಿ ಮನೆ ಮುಟ್ಟುತ್ತದೆ, ಎಲ್ಲ ಅದರಲ್ಲಿತ್ತು. ನನ್ನದೂ ಒಂದು ಪುಟವಿತ್ತು. ಎರಡು ಸಲ ನನಗೆ ಗರ್ಭ ನಿಲ್ಲದೆ ಹೋದದ್ದು ಅವರಿಗೊಬ್ಬರಿಗೇ ಗೊತ್ತು. ನಮ್ಮ ಮನೆಯವರಿಗೆ ಒಂದು ಸಲದ್ದು ಮಾತ್ರ ಗೊತ್ತು.

ಹೀಗಿರುವಾಗ ಸೊರಬದಲ್ಲಿ ಮೇಷ್ಟ್ರಾಗಿದ್ದ ಅವರ ತಮ್ಮ ಒಂದು ಡಿಜಿಟಲ್ ಡೈರಿ ತಂದುಕೊಟ್ಟ. ಅಂಗೈಯಗಲದ ಯಂತ್ರ, ಮುಚ್ಚಳ ತೆಗೆದರೆ ಪುಟಾಣಿ ಗುಂಡಿಗಳು. ಕನ್ನಡ ಬಾರದ ಯಂತ್ರ ಅದು. ಸಿಸ್ಟರಮ್ಮ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕುಟ್ಟುತ್ತ ಎರಡು ತಿಂಗಳು ಕೂತು ಇಡೀ ಪುಸ್ತಕವನ್ನು ಅದರೊಳಗೆ ತುಂಬಿದರು. ಅದಕ್ಕೊಂದು ಗುಟ್ಟಿನ ಅಂಕಿಯ ಬೀಗವೂ ಇತ್ತು.

ಅದೇ ಸುಮಾರಿಗೆ ನಮ್ಮ ಮನೆಯವರು ಪೇಪರಿನಲ್ಲಿ ಬಂದ ಸುದ್ದಿ ಓದಿ ಹೇಳಿದರು. ಹೊರದೇಶದಲ್ಲಿ ಜೇಬಿನಲ್ಲಿಟ್ಟುಕೊಳ್ಳುವ ಫೋನನ್ನೂ ಡೈರಿಯನ್ನೂ ಸೇರಿಸಿ ಒಂದೇ ಯಂತ್ರ ಮಾಡಿದ್ದಾರಂತೆ. ನನಗೆ ತಲೆಯಲ್ಲಿ ಹುಳ ಬಿಟ್ಟಂತಾಯಿತು.

"ಸಿಸ್ಟರಮ್ಮಾ, ಅದು ನಮ್ಮೂರಿಗೆ ಬರೋ ಹೊತ್ತಿಗೆ ನಾವು ಮುದುಕೀರಾಗಿರ್ತೀವಿ. ಅಲ್ಲೀ ತನಕ ನಾವೇ ಮಾಡ್ಕೊಳ್ಳೋಣ. ನಿಮ್ ಡೈರೀನ ನನ್ ಫೋನಿಗೆ ಕಟ್ಬಿಡೋಣ. ನೀವು ಹಳ್ಳೀಲಿದ್ದಾಗ ಫೋನ್ ಬಂದ್ರೆ ನಾನೇ ನೋಡಿ ಹೇಳ್ತೀನಿ."

"ಬೇಡ ಕಣೇ. ಅದ್ರಲ್ಲಿ ಏನೇನೋ ಇದೆ."

"ನಾನೇನು ಊರಿಗೆಲ್ಲ ಡಂಗುರ ಸಾರ್ತೀನಾ?"

ಅವರು ನಕ್ಕು ಒಪ್ಪಿದರು. ಬೀಗವಿದ್ದರೆ ಪ್ರತಿಸಲವೂ ಅಂಕಿ ಒತ್ತುವುದು ತಡವೆಂದು ಅದನ್ನೂ ತೆಗೆಸಿದವಳು ನಾನೇ. ಹೂ ಕಟ್ಟುವ ದಾರವನ್ನು ನಾಲ್ಕೆಳೆ ಹೊಸೆದು ಡೈರಿಯನ್ನು ಫೋನಿನ ಪಕ್ಕದ ಮೊಳೆಗೆ ಕಟ್ಟಿದೆ.

ಮೊದಲ ತಿಂಗಳೇ ಅದು ಒಂದು ಜೀವ ಉಳಿಸಿತು. ಆನವಟ್ಟಿ ದಾರಿಯ ಒಂದು ಹಳ್ಳಿಯಿಂದ ಫೋನು, ಹೆಂಗಸಿಗೆ ನೋವು ಬಂದು ನೀರೊಡೆದಿದೆ. ಸಿಸ್ಟರಮ್ಮ ಇಲ್ಲ. ನಾನು ಡೈರಿ ತೆರೆದು, ಆ ಊರಿಗೆ ಹತ್ತಿರದ ಜೀಪಿನವರ ನಂಬರು ಹುಡುಕಿ ಹೇಳಿದೆ. ಸಂಜೆಗೆ ಗಂಡು ಕೂಸಾಯಿತೆಂದು ಸುದ್ದಿ ಬಂತು. ನಾನು ಅವತ್ತು ನೆಲದ ಮೇಲೆ ನಡೆಯಲಿಲ್ಲ.

ಆಮೇಲೊಂದು ಬೆಳಿಗ್ಗೆ ಬಳ್ಳಿಗಾವಿಯ ಒಬ್ಬ ಗೃಹಸ್ಥ ಬಂದ. "ಅಕ್ಕೋರೇ, ಸೊರಬದ ಡಾಕ್ಟರ್ ನಂಬರ್ ಸಿಸ್ಟರಮ್ಮನ ಡೈರೀಲಿ ಇರ್ತೈತಲ್ರೀ?" ಎಂದ. ಬೂತಿನಲ್ಲಿ ಮೂವರು ಕಾಯುತ್ತಿದ್ದರು. "ನೀವೇ ನೋಡ್ಕೊಳ್ರೀ" ಎಂದು ಡೈರಿಯನ್ನು ಅವನ ಕಡೆ ತಳ್ಳಿದೆ. ಪಿಯುಸಿವರೆಗೆ ಓದಿದವನು. ಗುಂಡಿ ಒತ್ತುತ್ತ ಹೋದಾಗ ತನ್ನ ಊರಿನ ಹೆಸರು ಬಂದಿದೆ. ತನ್ನೂರಿನ ಹೆಸರು ಕಂಡ ಮೇಲೆ ಯಾರ ಬೆರಳು ತಾನೇ ನಿಂತೀತು? ಅದರ ಕೆಳಗೆ ಅವನ ಹೆಂಡತಿಯ ಹೆಸರು, ಅದರ ಮುಂದೆ "ವಂಕಿ ಹಾಕಿದೆ. ಮನೇಲಿ ಗೊತ್ತಿಲ್ಲ."

ಮಕ್ಕಳ ನಡುವೆ ಅಂತರವಿರಲೆಂದು ಹಾಕುವ ವಂಕಿ. ಅವನು ಫೋನು ಮಾಡದೆಯೇ ಡೈರಿಯನ್ನು ಕೆಳಗಿಟ್ಟು ಹೋದ. ತೆರೆಯ ಮೇಲೆ ಆ ಸಾಲು ಹಾಗೇ ಇತ್ತು. ನಾನು ಕ್ವಾರ್ಟರ್ಸಿಗೆ ಓಡಿದೆ.

ಸಿಸ್ಟರಮ್ಮನಿಗೆ ಹೇಳಿದಾಗ ಅವರು ಕೇಳಿದ್ದು ಒಂದೇ: "ಎಷ್ಟು ಹೊತ್ತಾಯ್ತು?" ಮುಂದಿನ ಬಸ್ಸಿಗೇ ಇಬ್ಬರೂ ಹೊರಟೆವು. ಆ ಹುಡುಗಿಗೆ ಮೇಲಿಂದ ಮೇಲೆ ಎರಡು ಹೆಣ್ಣು. ಮೂರನೆಯದಕ್ಕೆ ಮನೆಯವರ ಅವಸರ. ಅವಳು ಅಳುತ್ತ, ಯಾರಿಗೂ ಹೇಳಬೇಡಿ ಎಂದು ಇವರ ಕಾಲು ಹಿಡಿದಿದ್ದಳಂತೆ. ಬಸ್ಸಿನಲ್ಲಿ ಅಷ್ಟನ್ನೇ ಹೇಳಿದರು.

ಮನೆಯ ಜಗಲಿಯಲ್ಲಿ ಹುಡುಗಿಯ ಅತ್ತೆ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ಬಾಗಿಲ ಹತ್ತಿರ ಬಟ್ಟೆ ತುಂಬಿದ ಚೀಲ.

"ಬರ್ರೀ ಸಿಸ್ಟರಮ್ಮ. ಸಂಜೀಗೆ ಅವಳಣ್ಣ ಬರ್ತಾನೆ, ಕರ್ಕೊಂಡ್ ಹೋಗ್ಲಿ. ಕದ್ದು ಮಾಡೋ ಸೊಸೆ ನಮಗ್ಯಾಕ್ರೀ?"

"ಕದ್ದು ಮಾಡಿದ್ದು ಅವಳಲ್ಲ ಅವ್ವಾ, ನಾನು. ಮನೇಲಿ ಹೇಳ್ತೀನಿ ಅಂದ್ಲು. ನಾನೇ ಬೇಡ ಅಂದೆ."

ಅವರು ಸುಳ್ಳು ಹೇಳಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ.

"ನಮ್ಮನೆ ವಿಷಯ ತೀರ್ಮಾನ ಮಾಡಾಕೆ ನೀವ್ಯಾರ್ರೀ?"

"ಯಾರೂ ಅಲ್ಲ. ಬೈಯ್ರೀ ನನ್ನ. ಆದ್ರೆ ಮೊದ್ಲು ಅವಳನ್ನ ಬೆಳಕಿಗೆ ಕರೆದು, ಕಣ್ಣಿನ ಕೆಳಗಿನ ರೆಪ್ಪೆ ಎಳೆದು, ಇನ್ನೊಂದು ಹೆರೋಷ್ಟು ರಕ್ತ ಮೈಲಿ ಇದ್ಯಾ ನೋಡಿ."

ಅತ್ತೆ ಮೆಣಸಿನಕಾಯಿ ಮೊರ ಪಕ್ಕಕ್ಕೆ ಸರಿಸಿದಳು. ಸೊಸೆಯನ್ನು ಕರೆದಳು. ಮೆಣಸಿನಕಾಯಿ ಕೈಯನ್ನು ಎರಡು ಸಲ ತೊಳೆದು, ಸೆರಗಿಗೆ ಒರೆಸಿ, ಹುಡುಗಿಯ ರೆಪ್ಪೆ ಎಳೆದಳು. ಒಳಗೆ ಕೆಂಪು ಅನ್ನುವುದೇ ಇರಲಿಲ್ಲ, ಸುಣ್ಣದ ಗೋಡೆಯ ಹಾಗೆ ಬಿಳಿ. ಇನ್ನೊಂದು ಕಣ್ಣನ್ನೂ ನೋಡಿದಳು.

"ನಾ ಏಳು ಹೆತ್ತೆ" ಎಂದಳು ಕೊನೆಗೆ, ಯಾರಿಗೋ ಹೇಳುವಂತೆ. "ಒಬ್ರೂ ನನ್ ಕಣ್ಣು ಹಿಂಗ್ ನೋಡ್ಲಿಲ್ಲ." ಆಮೇಲೆ ಅಂಗಳದಲ್ಲಿ ನಿಂತಿದ್ದ ಮಗನ ಕಡೆ ತಿರುಗಿ, "ಏನ್ ನಿಂತ್ಕಂಡು ನೋಡ್ತೀಯೋ? ಅವಳಣ್ಣಗೆ ಬರಬ್ಯಾಡ ಅಂತ ಫೋನ್ ಹಚ್ಚು, ಹೋಗು" ಎಂದಳು. ಚೀಲ ಒಳಕ್ಕೆ ಹೋಯಿತು. ನಮಗೆ ಚಹಾ ಬಂತು.

ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ಅಳು ಬಂತು. ಸಿಸ್ಟರಮ್ಮ ಬೈಯಲಿಲ್ಲ. ಕಿಟಕಿಯಾಚೆ ನೋಡುತ್ತ ಹೇಳಿದರು: "ಫೋನು ಯಾರು ಕೇಳಿದ್ರೂ ಕೊಡ್ಬೇಕು ಕಣೇ. ಪುಸ್ತಕ ಯಾರು ಕೇಳಿದ್ರೂ ಕೊಡಬಾರ್ದು. ಎರಡನ್ನೂ ಒಂದಕ್ಕೇ ಕಟ್ಟಿದ್ರೆ, ಕೇಳಿದೋರಿಗೆ ಹ್ಞೂ ಅನ್ಲಾ, ಉಹ್ಞೂ ಅನ್ಲಾ? ನಿನ್ ತಪ್ಪಲ್ಲ. ನಂಗೇ ಹೊಳೀಲಿಲ್ಲ."

ಮಾರನೆಯ ದಿನ ಕತ್ತರಿ ತಂದು ದಾರ ಕತ್ತರಿಸಿದರು. ಡೈರಿಯಲ್ಲಿ ಜೀಪು, ಡಾಕ್ಟರು, ಅಂಗಡಿಗಳ ನಂಬರು ಬಿಟ್ಟು ಉಳಿದದ್ದನ್ನೆಲ್ಲ ಒಂದೊಂದಾಗಿ ಅಳಿಸಿ ನನ್ನ ಕೈಗೇ ಕೊಟ್ಟರು. ಉಳಿದದ್ದು ಮತ್ತೆ ಅಂಗೈಯಿಂದ ಕೆಂಪು ಪುಸ್ತಕಕ್ಕೆ.

ನಿವೃತ್ತಿಯಾಗಿ ಸೊರಬಕ್ಕೆ ಹೊರಡುವ ದಿನ ಆ ಪುಸ್ತಕವನ್ನು ಹಾಳೆ ಹಾಳೆಯಾಗಿ ಹರಿದು ನೀರೊಲೆಗೆ ಹಾಕುತ್ತಿದ್ದರು. ಪಕ್ಕದಲ್ಲಿ ನಾನು. "ನನ್ ಪುಟ ಬಂತಾ?" ಎಂದೆ. "ನಿಂದ್ಯಾವ ಪುಟ? ನಂಗೇನೂ ನೆನಪಿಲ್ಲಪ್ಪ" ಎಂದರು. ಕಣ್ಣು ಮಾತ್ರ ನನ್ನನ್ನೇ ನೋಡುತ್ತಿತ್ತು.

ಅವರು ತೀರಿಕೊಂಡ ಸುದ್ದಿ ಬಂದದ್ದು ಈ ಹೊಸ ಕಾಲದ ಫೋನಿಗೆ. ಪೇಪರಿನವರು ಅಂದು ಹೇಳಿದ ಯಂತ್ರ ಕೊನೆಗೂ ನಮ್ಮೂರಿಗೆ ಬಂದಿತ್ತು, ನಾನು ಮುದುಕಿಯೂ ಆಗಿದ್ದೆ. ಸೊರಬದ ಬಸ್ಸಿನಲ್ಲಿ ಕೂತಾಗ ಪಕ್ಕದ ಹೆಂಗಸು, "ಅಕ್ಕಾ, ನನ್ ಫೋನಿಂದು ಚಾರ್ಜ್ ಹೋಗೈತಿ, ಒಂದ್ ಫೋನ್ ಮಾಡ್ಕಳ್ಲಾ?" ಎಂದಳು. ತಕ್ಷಣ ಕೊಟ್ಟೆ. ಅವಳು ಎಲ್ಲಿ ಒತ್ತಿದರೂ ಯಾರ ಗುಟ್ಟೂ ಅದರಲ್ಲಿಲ್ಲ. ಸಿಸ್ಟರಮ್ಮ ಊರು ಬಿಟ್ಟ ಮೇಲೆ ನನ್ನನ್ನು ನಂಬಿ ಹೇಳಿಕೊಂಡ ಹೆಂಗಸರ ಮಾತೆಲ್ಲ ಮಡಿಲಲ್ಲಿದ್ದ ಚೀಲದೊಳಗೆ, ನಾನೇ ಕೊಂಡ ಕೆಂಪು ರಟ್ಟಿನ ಒಂದು ಪುಸ್ತಕದಲ್ಲಿತ್ತು. ಅವಳು ಮಾತಾಡಿ ಮುಗಿಸುವವರೆಗೂ ನಾನು ಆ ಚೀಲವನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದೆ.