ಬರಬಾರದಿದ್ದ ರೊಟ್ಟಿ

ತೊಂಬತ್ತರ ದಶಕದ ಮಾತು. ಮದುವೆಯಾದ ಹೊಸದರಲ್ಲಿ, ಗಂಡನ ಕೆಲಸಕ್ಕೆಂದು ಹರಪನಹಳ್ಳಿಗೆ ಬಂದಾಗ ನನಗೆ ಜೋಳದ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ಕಾನ್ವೆಂಟಿನಲ್ಲಿ ಕಲಿಸಿದ್ದು ಇಂಗ್ಲಿಷು, ಕಸೂತಿ. ಪಕ್ಕದ ಮನೆಯ ಸೊಸೆಗೆ ರೊಟ್ಟಿ ಬರುತ್ತಿತ್ತು, ಇಂಗ್ಲಿಷು ಬರುತ್ತಿರಲಿಲ್ಲ. ಉಚ್ಚಂಗಿದುರ್ಗದ ಕಡೆಯ ಆ ಹುಡುಗಿ ಎಸ್ಸೆಸ್ಸೆಲ್ಸಿಯಲ್ಲಿ ಅದೊಂದೇ ವಿಷಯಕ್ಕೆ ಫೇಲಾಗಿದ್ದಳು. ಪಾಸಾದರೆ ಅಂಗನವಾಡಿ ಕೆಲಸಕ್ಕೆ ಅರ್ಜಿ ಹಾಕಬೇಕೆಂಬ ಆಸೆ. ತವರಿನ ಅಣ್ಣ ಅವಳ ಪರೀಕ್ಷೆಗೆ ಫೀಸು ಕಟ್ಟಿಯೂ ಇದ್ದ. ಅವಳ ಅತ್ತೆಗೆ ತಿಳಿದರೆ ಮುಗಿಯಿತು. ‘ಓದಿದ್ದು ಸಾಕು’ ಎಂದು ಮದುವೆಯ ಮಾತುಕತೆಯಲ್ಲೇ ಹೇಳಿದ್ದರಂತೆ.

ಹಾಗಾಗಿ ದಿನಾ ಮಧ್ಯಾಹ್ನ, “ಬಾಜು ಮನಿ ಅಕ್ಕಾರಿಗೆ ರೊಟ್ಟಿ ಕಲಿಸಾಕ ಹೊಕ್ಕೀನಿ” ಎಂದು ಹೇಳಿ ಬರುತ್ತಿದ್ದಳು. ಸುಳ್ಳೂ ಅಲ್ಲ. ನಾನು ಬಡಿಯುವಾಗ ಅವಳು ತಿದ್ದುತ್ತಿದ್ದಳು. ಅವಳು ಬಡಿಯುವಾಗ ಏಟಿಗೊಂದು ಅಕ್ಷರದಂತೆ ನಾನು ಸ್ಪೆಲ್ಲಿಂಗ್ ಹೇಳಿಸುತ್ತಿದ್ದೆ. ತೊಡಕಿನ ಅಕ್ಷರ ಬಂದರೆ ಅವಳ ಕೈ ನಿಂತುಬಿಡುತ್ತಿತ್ತು.

“ನೈಟ್‌ನಾಗ ಈ ಜಿ, ಎಚ್ ಎದಕ್ಕ ಕುಂತಾವರಿ ಅಕ್ಕಾರ? ಮಾತೂ ಇಲ್ಲ, ಕತಿನೂ ಇಲ್ಲ.”

“ಸುಮ್ನೆ ಕೂತಿರ್ತವೆ. ಮರೆತರೆ ಮಾತ್ರ ಮಾರ್ಕ್ಸ್ ಹೋಗುತ್ತೆ.”

“ಹಂಗಾರ ನಮ್ಮತ್ತಿ ಇದ್ದಂಗ ಬಿಡ್ರಿ.”

ಅತ್ತೆಯವರು ನಿಜಕ್ಕೂ ಮಾತು ಕಡಿಮೆಯವರು. ಅಂಗಳದಲ್ಲಿ ಮೆಕ್ಕೆಜೋಳ ಒಣಹಾಕಿ, ಕೋಳಿ ಓಡಿಸುವ ನೆಪದಲ್ಲಿ ನಮ್ಮ ಅಡುಗೆಮನೆಯ ಕಿಟಕಿಗೆ ಮುಖಮಾಡಿ ಕೂರುತ್ತಿದ್ದರು. ಕೋಳಿ ಆ ಕಡೆ, ಕಣ್ಣು ಈ ಕಡೆ. ನನಗೋ ದಿನದಿಂದ ದಿನಕ್ಕೆ ರೊಟ್ಟಿ ಚೆನ್ನಾಗಿ ಬರತೊಡಗಿತ್ತು, ಅದೇ ಭಯ. ನಾನು ಕಲಿತುಬಿಟ್ಟರೆ ಅವಳಿಗೆ ಬರಲು ನೆಪವೆಲ್ಲಿ?

ಒಂದು ದಿನ ಅವಳ ಹಿಂದೆಯೇ ಅವರೂ ಬಂದರು. ಹುಡುಗಿ ಗ್ರಾಮರ್ ಪುಸ್ತಕವನ್ನು ಮೊರದ ಕೆಳಗೆ ತಳ್ಳಿದಳು.

“ಏನವ್ವಾ ಕಾನ್ವೆಂಟಿನಾಕಿ, ದೀಪಾವಳಿ ಮುಗದು ಸಂಕ್ರಾಂತಿ ಬಂತು. ಇನ್ನೂ ರೊಟ್ಟಿ ಬರವಲ್ದೇನು?”

“ಕೈ ಕೂಡಿ ಬರ್ತಿಲ್ಲ ದೊಡ್ಡವ್ವಾ.”

“ಸಪ್ಪಳ ಕೇಳ್ತೀನಲ್ಲ. ನಾಕು ಏಟು ಬೀಳ್ತಾವ, ನಿಲ್ತಾವ. ಯಾವ ಊರಾಗ ಹಿಂಗ ಬಡೀತಾರ? ಎಲ್ಲಿ, ಒಂದು ಬಡಿ ನೋಡೂನು.”

ಕೂತೆ. ಕೆಡಿಸಬೇಕೆಂದೇ ಕೂತೆ, ಕೈ ನನ್ನ ಮಾತು ಕೇಳಲಿಲ್ಲ. ಅಂಗೈ ತಾಕಿದಂತೆಲ್ಲ ರೊಟ್ಟಿ ತಾನೇ ತಿರುಗುತ್ತಾ ದುಂಡಗೆ ಹರಡಿತು. ಹುಡುಗಿಯ ಮುಖ ಬಿಳಿಚಿತು. ಎತ್ತಿ ಹಂಚಿಗೆ ಹಾಕುವಾಗ ಹೆಬ್ಬೆರಳು ಊರಿದೆ. ನಡುವೆ ಹರಿದು ಎರಡು ತುಂಡಾಗಿ ಬಿತ್ತು.

ಅತ್ತೆಯವರು ತುಂಡುಗಳನ್ನು ನೋಡಲಿಲ್ಲ. ನನ್ನ ಹೆಬ್ಬೆರಳನ್ನು ನೋಡಿದರು. ಆಮೇಲೆ ಮೊರವನ್ನು.

“ಬರಂಗಿಲ್ಲ ತಗಿ,” ಎಂದು ಎದ್ದುಹೋದರು.

ಇನ್ನು ಅವಳನ್ನು ಕಳಿಸುವುದಿಲ್ಲ ಎಂದುಕೊಂಡಿದ್ದೆ. ಮರುದಿನ ಬಂದಳು, ಹೊಸ್ತಿಲಲ್ಲೇ ನಿಂತಳು.

“ಅತ್ತಿ ಹೇಳ್ಯಾರ್ರಿ. ಮಾರ್ಚ್ ಮುಗಿಯೋತನಕ ಹೋಗಿ ಕಲಿಸಿ ಬಾ, ಆಮ್ಯಾಲ ಆಕಿಗೆ ರೊಟ್ಟಿ ಬರ್ತೈತಿ ಅಂತ.”

ಪರೀಕ್ಷೆ ಇದ್ದದ್ದು ಮಾರ್ಚಿನಲ್ಲಿ.

“ಅಕ್ಕಾರ, ನೀವೇನರ ಬಾಯಿ ಬಿಟ್ರೇನು?”

ನಾನು ಅದೇ ಮಾತನ್ನು ಅವಳಿಗೆ ಕೇಳುವುದರಲ್ಲಿದ್ದೆ. ಇಬ್ಬರೂ ಕಿಟಕಿಯತ್ತ ನೋಡಿದೆವು. ಅಂದು ಅವರು ನಮಗೆ ಬೆನ್ನು ಮಾಡಿ ಕೂತು ಕೋಳಿ ಓಡಿಸುತ್ತಿದ್ದರು. ಆದರೂ ನಮಗೆ ನಂಬಿಕೆ ಬರಲಿಲ್ಲ; ಕಿಟಕಿಯ ಒಂದು ಬಾಗಿಲು ಮುಚ್ಚಿಯೇ ಪಾಠ ಶುರು ಮಾಡಿದೆವು.