ಹಣೆಗಿಟ್ಟ ರೋಮಿನ ಕಾಸು

ಕಂಡಕ್ಟರ್ ಮಾಯಣ್ಣನ ಹೆಬ್ಬೆರಳಿಗೇ ಕಣ್ಣಿದೆ ಅಂತ ಶೆಟ್ಟಿಕೆರೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ತಿಪಟೂರು ಬಸ್ಸಿನ ನೂಕುನುಗ್ಗಲಲ್ಲಿ ಚೀಲಕ್ಕೆ ಕೈ ಹಾಕಿ, ನೋಡದೇನೇ ಎರಡು ಯಾವುದು ಐದು ಯಾವುದು ಅಂತ ಎತ್ತಿ ಕೊಡೋನು. ಅಂಥವನಿಗೇ ಯಾವ ಪುಣ್ಯಾತ್ಮನೋ ಒಂದು ಕರೀ ಬಿಲ್ಲೆ ದಾಟಿಸಿಬಿಟ್ಟಿದ್ದ. ಬೈಕೊಂಡೇ ಮನೆಗೆ ತಂದ. ಹೆಂಡತಿ ಶಿಲ್ಪ ಅದನ್ನು ಬೆಳಕಿಗೆ ಹಿಡಿದು, "ರೀ, ಇದ್ರಲ್ಲಿ ಮುಖ ಐತೆ ಕಣ್ರೀ. ಯಾರ್ದು?" ಅಂದಳು.

ಆ ಪ್ರಶ್ನೆ ಆರು ವರ್ಷ ಮನೆ ಬಿಟ್ಟು ಹೋಗಲಿಲ್ಲ.

ತುಮಕೂರಿನಲ್ಲಿ ಹಳೇ ನಾಣ್ಯ ಕೂಡಿಡುವ ದಯಾನಂದ್ ಭೂತಗನ್ನಡಿ ಹಿಡಿದು ನೋಡಿ, ಇದು ರೋಮಿನ ಚಕ್ರವರ್ತಿಗಳ ಕಂಚಿನ ಕಾಸು, ಸಾವಿರದ ಆರುನೂರು ವರ್ಷದ ಮೇಲಿನದು ಅಂದರು. "ಅಂಚಲ್ಲಿ ಕಾನ್‌ಸ್ಟಾನ್ ಅಂತ ಇದೆ, ಮುಂದಿನ ಅಕ್ಷರ ಮಸಿ ಹಿಡಿದು ಕಾಣಿಸ್ತಿಲ್ಲ. ಅಪ್ಪ, ಮೂವರು ಮಕ್ಕಳು, ಎಲ್ಲರ ಹೆಸರೂ ಹೀಗೇ ಶುರು, ಮುಖಾನೂ ಒಂದೇ ಅಚ್ಚು. ಮುಂದೆ ಎಸ್ ಇದ್ದರೆ ಕಿರಿಯವನು. ಉಜ್ಜಬೇಡಿ, ಏನೂ ಹಚ್ಚಬೇಡಿ. ಇರೋ ಅಕ್ಷರಾನೂ ಹೋಗುತ್ತೆ."

"ಚಿಕ್ಕೋನೇ ಕಣ್ರೀ," ಅಂದಳು ಶಿಲ್ಪ. "ಮೂತಿ ನೋಡಿದ್ರೆ ಗೊತ್ತಾಗಲ್ವಾ? ಮುದ್ದು ಮಾಡಿ ಕೆಡಿಸಿರೋ ಮಗ."

ಕಾಸು ದೇವರ ಗೂಡು ಸೇರಿತು. ದಿನಾ ಬೆಳಗ್ಗೆ ಮಾಯಣ್ಣ ಅದನ್ನು ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡೋದು, ಮತ್ತೆ ಇಡೋದು. ಅಷ್ಟರಲ್ಲಿ ಶಿಲ್ಪಳ ಕಿಡ್ನಿ ಕೆಟ್ಟಿತು. ವಾರಕ್ಕೆರಡು ಸಲ ಗಂಡನ ಬಸ್ಸಲ್ಲೇ ಕಿಟಕಿ ಪಕ್ಕ ಕೂತು ಡಯಾಲಿಸಿಸ್‌ಗೆ ಹೋಗೋಳು. ಟಿಕೆಟ್ ಹರಿಯುತ್ತಾ ಬಂದವನನ್ನು "ಗೊತ್ತಾಯ್ತಾ?" ಅಂತ ಕೇಳೋಳು. "ಗೊತ್ತಾಗೋಗಂಟ ನಾನು ಎಲ್ಲಿಗೂ ಹೋಗಲ್ಲ ಬುಡಿ."

ತಮಾಷೆಗೆ ಅಂದ ಮಾತು. ಈ ಹುಚ್ಚಪ್ಪ ನಂಬಿಬಿಟ್ಟ! ಕೊನೇ ಸೋಮವಾರ, ಕೈಕಾಲೆಲ್ಲ ಊದಿಕೊಂಡು ಮಲಗಿದ್ದವಳು ಮತ್ತೆ ಕೇಳಿದಳು. ಹೌದು ಕಣೇ, ಚಿಕ್ಕೋನೇ ಅಂತ ಒಂದು ಸುಳ್ಳು ಹೇಳಿದ್ದರೆ ಇವನ ಗಂಟೇನು ಹೋಗುತ್ತಿತ್ತು? ಹೇಳಿದರೆ ಹೊರಟೇಬಿಡ್ತಾಳೆ ಅಂತ ಹೆದರಿದ. "ಇನ್ನೂ ಇಲ್ಲ ಕಣೇ" ಅಂದ. ಅವಳು ಗೋಡೆ ಕಡೆ ತಿರುಗಿದಳು. ಸಂಜೆಗೆ ಉಸಿರು ನಿಂತಿತ್ತು.

ಮಾರನೇ ದಿನ ಹೆಣದ ಹಣೆಗಿಡಲು ಕಾಸು ಬೇಕಾಯಿತು. ಮಾಯಣ್ಣನ ಸೋದರತ್ತೆ ಚಿಕ್ಕಗೌರಮ್ಮ ದೇವರ ಗೂಡಿಗೆ ಕೈ ಹಾಕಿದಳು. ತಾಮ್ರದ್ದು ಸಿಕ್ಕಿತಲ್ಲ, ಒಳ್ಳೇದೇ ಆಯ್ತು ಅಂತ ಒತ್ತಿಬಿಟ್ಟಳು. ಬಂದ ಮುತ್ತೈದೆಯರೆಲ್ಲ ಅದರ ಮೇಲೇ ಕುಂಕುಮ ಬಳಿದರು. ಕೊನೆಗೆ ಗಂಡನನ್ನು ಕರೆದರು.

ಮಾಯಣ್ಣ ಬಗ್ಗಿದ. ಹೆಬ್ಬೆರಳು ಅಭ್ಯಾಸದಿಂದ ಕಾಸನ್ನು ಸವರಿತು. ಮೇಲಿನ ಪುಡಿ ಹೋಗಿ, ಸಂದಿಯ ಕುಂಕುಮ ಉಳಿಯಿತು. ಆ ಕೆಂಪಿನ ನಡುವೆ ಅಕ್ಷರಗಳು ಒಂದೊಂದೇ ಕಪ್ಪಗೆ ಎದ್ದವು. ಕಾನ್‌ಸ್ಟಾನ್. ಅದರ ಮುಂದೆ ಎಸ್.

"ಸಾಕು ಕಣಪ್ಪ, ಎತ್ತಬೇಕು, ಹೊತ್ತಾಯ್ತು," ಅಂದಳು ಚಿಕ್ಕಗೌರಮ್ಮ.

"ಒಂದ್ನಿಮಿಷ ತಡಿ ಅತ್ತೆ." ಶಿಲ್ಪಳ ಕಿವಿಗೆ ಬಾಯಿಟ್ಟು ಹೇಳಿದ: "ಚಿಕ್ಕೋನೇ ಕಣೇ. ನೀನು ಅಂದಿದ್ದೇ ಸರಿ. ಕೇಳಿಸ್ತಾ?" ಆಮೇಲೆ ಅಯ್ಯೋ ಅಂತ ಅವನು ಕೂಗಿದ್ದು ರಸ್ತೆಗೆ ಕೇಳಿತು.

ಕಾಸಿನ ಸಮೇತ ಮಣ್ಣು ಮಾಡಿದರು. ಹನ್ನೊಂದು ದಿನ ಕಳೆದು ಮಾಯಣ್ಣ ಮತ್ತೆ ಬಸ್ಸು ಹತ್ತಿದ. ಕಿಟಕಿ ಪಕ್ಕದ ಆ ಸೀಟಿನ ಹತ್ತಿರ ಬಂದಾಗ ಈಗಲೂ ಒಂದು ಗಳಿಗೆ ನಿಲ್ಲುತ್ತಾನೆ. ಕೂತವರು ಚಿಲ್ಲರೆ ಚಾಚುತ್ತಾರೆ. ಗೊತ್ತಾಯ್ತಾ ಅಂತ ಯಾರೂ ಕೇಳುವುದಿಲ್ಲ.