ಮನಿಲಾ ಪಂಕಜಕ್ಕನ ಮೂಡೆ

ಮನಿಲಾ ಪಂಕಜಕ್ಕ ಹಡಗು ಹತ್ತಿ ಹೋಗಿ ಬಂದವಳೆಂದೇ ನಾನು ಬಹಳ ಕಾಲ ನಂಬಿದ್ದೆ. ಊರಿಡೀ ಆ ಹೆಸರಿನಿಂದ ಕರೆಯುವಾಗ ನಂಬದೆ ಇರುವುದು ಹೇಗೆ? ಒಮ್ಮೆ ಧೈರ್ಯ ಮಾಡಿ, ಅಲ್ಲಿಯ ಸಮುದ್ರ ಹೇಗುಂಟು ಎಂದು ಕೇಳಿದ್ದಕ್ಕೆ ‘ಉಪ್ಪು’ ಎಂದಿದ್ದಳು. ಸುಳ್ಳು ಹೇಳುವವರು ಇಷ್ಟು ಚುಟುಕಾಗಿ ಮುಗಿಸುವುದಿಲ್ಲವೆಂದು ನನ್ನ ನಂಬಿಕೆ ಇನ್ನಷ್ಟು ಗಟ್ಟಿಯಾಯಿತು. ಆಕೆ ತೆಂಕಿಗೆ ಕುಂಬಳೆ, ಬಡಗಿಗೆ ಮಂಗಳೂರು ದಾಟಿದವಳೇ ಅಲ್ಲ, ಮಂಗಳೂರಿಗೆ ಹೋದದ್ದೂ ಹಲ್ಲು ಕೀಳಿಸಲಿಕ್ಕೆ ಎಂಬ ಸಂಗತಿ ಆಮೇಲೆ ತಿಳಿಯಿತು. ಆ ಹೆಸರು ಬಂದದ್ದು ಹಡಗಿನಿಂದ ಅಲ್ಲ, ಒಂದು ತಂತಿಯಿಂದ.

ಕುಂಜತ್ತೂರಿನ ಪ್ರವಾಸಿ ಬಂಗಲೆಯಲ್ಲಿ ಪಂಕಜಕ್ಕ ಹದಿನಾರು ವರ್ಷಗಳಿಂದ ಅಡಿಗೆ ಮಾಡಿಕೊಂಡಿದ್ದಳು. ಗಂಡ ತೀರಿಹೋದ ಮೇಲೆ ಬಂಗಲೆಯ ಹಿಂದಿನ ಕೋಣೆಯೇ ಅವಳ ಮನೆ. ಅಡಿಗೆ ಕೋಣೆಯ ಬೀಗದ ಕೈ ಸದಾ ಸೊಂಟದಲ್ಲಿ. ಸ್ನಾನಕ್ಕೆ ಹೋಗುವಾಗಲೂ ಅದನ್ನು ಬಿಚ್ಚುವುದಿಲ್ಲವೆಂದು ಜನ ತಮಾಷೆ ಮಾಡುತ್ತಿದ್ದರು. ಅವಳ ಕೈಯ ಹುಳಿ ಖಾರದ ಮೀನು ಪುಳಿಮುಂಚಿ ಉಂಡವರು ಮೂರು ದಿನ ಅದರದ್ದೇ ಮಾತಾಡುವುದಿತ್ತು. ತೊಂದರೆ ಆದದ್ದು ಅಲ್ಲಿಯೇ. ಘಟ್ಟದ ಮೇಲಿನ ಒಬ್ಬ ಅಧಿಕಾರಿ ಅದೇ ಪುಳಿಮುಂಚಿಯನ್ನು ಉಂಡು, ಕಣ್ಣು ಮೂಗು ಒಟ್ಟಿಗೆ ಸುರಿಸುತ್ತ, ಒಂದು ಕೊಡಪಾನ ನೀರು ಖಾಲಿ ಮಾಡಿ, ಬಂಗಲೆಯ ಅಭಿಪ್ರಾಯ ಪುಸ್ತಕದಲ್ಲಿ ಅರ್ಧ ಪುಟ ಬರೆದು ಹೋಗಿದ್ದ.

ಆ ಅರ್ಧ ಪುಟವನ್ನು ಬಾಯಿಪಾಠ ಮಾಡಿಕೊಂಡವರು ಬಂಗಲೆ ಸಮಿತಿಯ ಅಧ್ಯಕ್ಷ ಭುಜಂಗ ಶೆಟ್ಟರು. ಶೆಟ್ಟರು ಒಳ್ಳೆಯವರೇ. ಅಧ್ಯಕ್ಷರಾದದ್ದೊಂದೇ ಅವರಿಗೆ ಬಂದ ಕಾಯಿಲೆ. ತಮ್ಮ ಪದವಿಯ ಹೆಸರಿನ ಒಂದು ಮೊಹರು ಮಾಡಿಸಿಕೊಂಡಿದ್ದರು. ಬಂಗಲೆಯ ಕಾಗದಗಳಿಗೆ ಒತ್ತಿ ತೃಪ್ತಿಯಾಗದೆ, ಮನೆಯ ಮಿಡಿ ಉಪ್ಪಿನಕಾಯಿ ಭರಣಿಗೆ ಕಟ್ಟಿದ ಕಾಗದದ ಮೇಲೂ ಒತ್ತಿದ್ದರಂತೆ. ಪಂಕಜಕ್ಕ ಹದಿನಾಲ್ಕನೆಯ ವಯಸ್ಸಿನಲ್ಲಿ ಅವರ ತಾಯಿಯ ಕೈಕೆಳಗೆ ಕೆಲಸಕ್ಕೆ ಸೇರಿದಾಗ ಶೆಟ್ಟರು ಅಂಗಳದಲ್ಲಿ ಅಂಬೆಗಾಲಿಡುತ್ತಿದ್ದರು. ನಲುವತ್ತು ವರ್ಷ ‘ಪಂಕಜಕ್ಕ’ ಎಂದೇ ಕರೆದವರು, ಮೊಹರು ಬಂದ ವಾರದಿಂದ ‘ಪಂಕಜಾಕ್ಷಿ’ ಎನ್ನತೊಡಗಿದರು.

ಐವತ್ತೆರಡನೆಯ ಇಸವಿಯ ಒಂದು ಸೋಮವಾರ ಮದರಾಸಿನಿಂದ ತಂತಿ ಬಂತು. ಇಂಗ್ಲಿಷಿನಲ್ಲಿ ಇದ್ದದ್ದು ಇಷ್ಟೆ: ‘ಫಿಲಿಪ್ ಪೈನ್ ಪಾರ್ಟಿ ಗುರುವಾರ ಮಧ್ಯಾಹ್ನ ತಲಪುತ್ತದೆ, ತೆಂಗಿನ ನಾರಿನ ಕೆಲಸ ನೋಡಲು, ಊಟದ ಏರ್ಪಾಡು ಮಾಡಿ.’ ಶೆಟ್ಟರು ಎರಡು ಸಲ ಓದಿದರು. ಮೂರನೆಯ ಸಲ ಪೆನ್ಸಿಲು ತೆಗೆದು ಮೊದಲ ಎರಡು ಶಬ್ದಗಳ ನಡುವಿನ ಜಾಗಕ್ಕೆ ಒಂದು ಕೊಕ್ಕೆ ಹಾಕಿ ಸೇರಿಸಿದರು. ಫಿಲಿಪ್ಪೈನ್. ತಂತಿ ಬಡಿದವನಿಗೆ ಭೂಗೋಳ ಬರುವುದಿಲ್ಲವೆಂದು ನಕ್ಕರು. ಒಂದು ದೇಶಕ್ಕೆ ದೇಶವೇ ಕುಂಜತ್ತೂರಿನ ನಾರು ನೋಡಲು ಹೊರಟದ್ದು ಅವರಿಗೆ ಆಶ್ಚರ್ಯವೆನಿಸಲಿಲ್ಲ. ಇಷ್ಟು ತಡ ಮಾಡಿದ್ದೇಕೆ ಎಂದಷ್ಟೇ ಅನಿಸಿತು.

ಅಂದೇ ಬಂಗಲೆಗೆ ಬಂದು ಪಂಕಜಕ್ಕನಿಗೆ ಎರಡು ಸುದ್ದಿ ಹೇಳಿದರು. ಒಂದು, ಕಟ್ಲೆಟ್, ಪುಡ್ಡಿಂಗ್ ಎಲ್ಲ ಬರುವ ಒಬ್ಬ ಬಟ್ಲರನನ್ನು ಮಂಗಳೂರಿನಲ್ಲಿ ನೋಡಿ ಇಟ್ಟಿದೆ. ಅವನು ಬರುವುದು ಎರಡು ತಿಂಗಳು ಕಳೆದು. ಈ ಗುರುವಾರದ ಪರದೇಶದ ಅತಿಥಿಗಳು ಪುಸ್ತಕದಲ್ಲಿ ಒಂದು ಸಾಲು ದೂರು ಬರೆದರೂ ಬೀಗದ ಕೈ ಅವನದ್ದು, ಹಿಂದಿನ ಕೋಣೆಯೂ ಅವನದ್ದು. ಇನ್ನೊಂದು, ಅತಿಥಿಗಳಿಗೆ ಅವರ ದೇಶದ್ದೇ ಊಟ ಆಗಬೇಕು. ತಾವು ವ್ಯಾಜ್ಯಕ್ಕೆಂದು ಮದರಾಸಿಗೆ ಹೋಗಿದ್ದಾಗ ಕುಚ್ಚಲಕ್ಕಿ ಗಂಜಿ ಸಿಗದೆ ನಾಲ್ಕು ದಿನ ಒದ್ದಾಡಿದ್ದನ್ನು ಶೆಟ್ಟರು ಮರೆತಿರಲಿಲ್ಲ. ಪರದೇಶದಲ್ಲಿ ಮನೆಯ ಊಟ ಸಿಕ್ಕಿದವನು ಪುಸ್ತಕ ತುಂಬ ಹೊಗಳಿ ಬರೆಯುತ್ತಾನೆ ಎಂಬುದು ಅವರ ಲೆಕ್ಕಾಚಾರ.

ಆ ದೇಶದ ಊಟ ಯಾವುದೆಂದು ಹೇಳಲಿಕ್ಕೆ ಒಬ್ಬ ಊರಲ್ಲೇ ಇದ್ದ. ಹಡಗಿನಲ್ಲಿ ಖಲಾಸಿಯಾಗಿ ದುಡಿದು ಹಿಂತಿರುಗಿದ ಲೋಕಯ್ಯ ಮನಿಲಾದಲ್ಲಿ ಎರಡು ತಿಂಗಳು ಇದ್ದವನು. ಜಗಲಿಯಲ್ಲಿ ಕುಳಿತು ಅವನು ನೆನಪಿದ್ದದ್ದನ್ನೆಲ್ಲ ಹೇಳಿದ. ಶೆಟ್ಟರು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಅಡಿಗೆ ಕೋಣೆಯ ಬಾಗಿಲಲ್ಲಿ ನಿಂತು, ಪುರಾಣ ಓದುವ ಧಾಟಿಯಲ್ಲಿ ಶುರುಮಾಡಿದರು.

“ಸುಮಾನ್. ಅಕ್ಕಿ, ತೆಂಗಿನ ಹಾಲು. ಎಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸತಕ್ಕದ್ದು.”

“ಅದು ಮೂಡೆ ಅಲ್ವಾ ಧನಿ?”

“ಮೂಡೆ ಅಲ್ಲ ಮಾರಾಯ್ತಿ, ಸುಮಾನ್. ನಡುವೆ ಎಷ್ಟು ಸಮುದ್ರ ಉಂಟು, ಗೊತ್ತುಂಟಾ ನಿನಗೆ?”

ಎರಡನೆಯದು ಪುಟೊ. ಅಕ್ಕಿ ನೆನೆಸಿ ಅರೆದು, ಉಂಡೆಯಾಗಿ ಹಬೆಯಲ್ಲಿ ಬೇಯಿಸುವುದು. ಪುಂಡಿ ಎನ್ನಲು ಪಂಕಜಕ್ಕ ಬಾಯಿ ತೆರೆದಳು. ಅಷ್ಟರಲ್ಲಿ ಕೈ ಸೊಂಟದ ಬೀಗದ ಕೈಗೆ ತಾಗಿತು. ಬಾಯಿ ಮುಚ್ಚಿದಳು. ಮೂರನೆಯದು ಹುಳಿಗೆ ಬಿಂಬುಳಿ ಹಾಕಿದ ಮೀನು. ಬಂಗಲೆಯ ಹಿತ್ತಿಲಲ್ಲಿ ಬಿಂಬುಳಿ ಮರ ಕಾಯಿ ತುಂಬಿ ಬಾಗಿಕೊಂಡಿತ್ತು. ಪಂಕಜಕ್ಕ ಅದರತ್ತ ಒಮ್ಮೆ ನೋಡಿ, ಮೆಣಸು ಎಷ್ಟು ಎಂದಷ್ಟೇ ಕೇಳಿದಳು. ಅಲ್ಲಿಯವರು ಮೆಣಸು ಮುಟ್ಟುವುದಿಲ್ಲ ಎಂದ ಲೋಕಯ್ಯ. ಆ ದೇಶ ದೂರದ್ದು ಎಂದು ಅವಳಿಗೆ ಖಾತ್ರಿಯಾದದ್ದು ಆಗಲೇ.

ಗುರುವಾರ ಬೆಳಿಗ್ಗೆ ಕೇದಗೆಯ ಓಲೆ ಸುರುಳಿ ಸುತ್ತಿ, ಮುಳ್ಳು ಚುಚ್ಚಿ, ಮೂವತ್ತು ಮೂಡೆ ಹೊಯ್ದಳು. ಉದ್ದು ಬಿಟ್ಟು ತೆಂಗಿನ ಹಾಲು ಹಾಕಿದ್ದೊಂದೇ ಹೊಸತು. ಪುಂಡಿ ಕಟ್ಟಿದಳು. ಕಷ್ಟವಾದದ್ದು ಮೀನು. ಎರಡು ಸಲ ಅವಳ ಕೈ ತನ್ನಷ್ಟಕ್ಕೆ ಮೆಣಸಿನ ಭರಣಿಗೆ ಹೋಯಿತು. ಮೂರನೆಯ ಸಲ ಹೋದಾಗ ಅವಳು ಭರಣಿಯನ್ನೇ ಎತ್ತಿ ತಂದು ಲೋಕಯ್ಯನ ಮಡಿಲಲ್ಲಿಟ್ಟು, ಊಟ ಮುಗಿಯುವವರೆಗೆ ತಾನು ಕಾಲು ಹಿಡಿದರೂ ಕೊಡಬಾರದೆಂದು ಹೇಳಿದಳು.

ಮಧ್ಯಾಹ್ನ ಕಾರಿನಿಂದ ಇಳಿದದ್ದು ಒಬ್ಬ ಉದ್ದದ ಬಿಳಿಯ ಮನುಷ್ಯ ಮತ್ತು ಅವನ ಹೆಂಡತಿ. ಮನಿಲಾದಲ್ಲಿ ತಾನು ಕಂಡವರು ನಮ್ಮ ಹಾಗೆಯೇ ಇದ್ದರಲ್ಲ ಎಂದು ಲೋಕಯ್ಯ ಗೊಣಗಿದ. ಮುನ್ನೂರು ವರ್ಷ ಸ್ಪೇನಿನವರು ಇದ್ದದ್ದಲ್ಲವಾ, ಅಷ್ಟು ಬಿಳಿ ಹತ್ತದೆ ಇರುತ್ತದಾ ಎಂದರು ಶೆಟ್ಟರು. ಬಂದವನು ಕೈ ನೀಡಿ ‘ಫಿಲಿಪ್ ಪೈನ್’ ಎಂದ. ಶೆಟ್ಟರು ಆ ಕೈಯನ್ನು ಎರಡು ಕೈಯಲ್ಲಿ ಹಿಡಿದು, ಗೊತ್ತು, ಗೊತ್ತು, ಸ್ವಾಗತ ಎಂದು ಇಂಗ್ಲಿಷಿನಲ್ಲೇ ಹೇಳಿದರು.

ಎಲೆ ಹಾಕಿದ ಮೇಲೆ ಶೆಟ್ಟರ ಭಾಷಣ. ಪಂಕಜಕ್ಕ ಅಡಿಗೆ ಕೋಣೆಯ ಕಿಟಕಿಯಿಂದ ನೋಡುತ್ತಿದ್ದಳು. ಪಕ್ಕದಲ್ಲಿ ಲೋಕಯ್ಯ, ಮಡಿಲಲ್ಲಿ ಭರಣಿ. ತನ್ನ ಹಡಗಿನ ಇಂಗ್ಲಿಷಿನಿಂದ ಅವನು ಪಿಸುಮಾತಿನಲ್ಲಿ ಅರ್ಥ ಹೇಳುತ್ತಿದ್ದ. ಶೆಟ್ಟರು ಮಗಳ ಭೂಗೋಳ ಪುಸ್ತಕ ಓದಿ ತಯಾರಾಗಿ ಬಂದಿದ್ದರು. ಫಿಲಿಪ್ಪೈನಿನ ಹೆಸರು ಕೇಳದವರು ಕುಂಜತ್ತೂರಿನಲ್ಲಿ ಯಾರೂ ಇಲ್ಲ ಎಂದರು. ಅತಿಥಿ ಕೆಂಪಾಗಿ, ಎದ್ದು, ಬಾಗಿದ. ಫಿಲಿಪ್ಪೈನ್ ಮುನ್ನೂರು ವರ್ಷ ಸ್ಪೇನಿನವರ ಕೈಯಲ್ಲಿ ಇತ್ತು ಎಂದರು. ಹೆಂಡತಿ ಗಂಡನ ಮುಖ ನೋಡಿದಳು. ಆಮೇಲೆ ಐವತ್ತು ವರ್ಷ ಅಮೇರಿಕದವರ ಕೈಯಲ್ಲಿ, ನಡುವೆ ಜಪಾನಿನವರೂ ಒಂದು ಕೈ ನೋಡಿದರು, ಈಗ ಆರು ವರ್ಷಗಳಿಂದ ಫಿಲಿಪ್ಪೈನ್ ಸ್ವತಂತ್ರ, ಇದು ನಮಗೆಲ್ಲ ಬಹಳ ಸಂತೋಷದ ವಿಷಯ ಎಂದರು. ಹೆಂಡತಿ ಕೈಯಲ್ಲಿದ್ದ ಚಮಚವನ್ನು ಮೆಲ್ಲನೆ ಕೆಳಗಿಟ್ಟಳು.

ಚಮಚ ಕೆಳಗೆ ಹೋದದ್ದನ್ನು ಪಂಕಜಕ್ಕ ಕಂಡಳು. ಊಟ ಶುರುವಾಗುವ ಮೊದಲೇ ಬೇಡವಾಯಿತೇ? ಇತ್ತ ಲೋಕಯ್ಯನ ಮಡಿಲಲ್ಲಿ ಭರಣಿ ಗಡಗಡ ಅಲುಗುತ್ತಿತ್ತು. ನಗು ತಡೆಯಲು ಅವನು ಹೆಗಲ ಬೈರಾಸನ್ನು ಬಾಯಿಗೆ ತುರುಕಿಕೊಂಡಿದ್ದ.

“ಪಂಕಜಕ್ಕ, ಅದು ದೇಶ ಅಲ್ಲ. ಆ ಮನುಷ್ಯನ ಹೆಸರೇ ಹಾಗೆ.”

“ಹೆಸರು ಎಂತದ್ದೇ ಇರಲಿ. ಹಸಿವು ಉಂಟಾ ನೋಡು.”

ಹಸಿವು ಇತ್ತು. ಅತಿಥಿ ಚಾಕುವಿನಿಂದ ಮೂಡೆಯನ್ನು ಓಲೆ ಸಮೇತ ಕೊಯ್ದು, ಒಂದು ತುಂಡು ಬಾಯಿಗಿಟ್ಟು, ಅಗಿಯಲು ಶುರುಮಾಡಿದ. ಶೆಟ್ಟರು ಒಂದು ಕ್ಷಣ ಅನುಮಾನಿಸಿದರು. ಹುಟ್ಟಿದಾಗಿನಿಂದ ಮೂಡೆ ತಿಂದ ಕೈ ಅದು, ಓಲೆಯ ಮುಳ್ಳು ಕೀಳಲು ಆಗಲೇ ಹೊರಟಿತ್ತು. ಆದರೆ ಇದು ಮೂಡೆ ಅಲ್ಲವಲ್ಲ, ಸುಮಾನ್. ತಿನ್ನುವ ಕ್ರಮ ಆ ದೇಶದವನಿಗಿಂತ ಹೆಚ್ಚು ಯಾರಿಗೆ ಗೊತ್ತು? ಶೆಟ್ಟರೂ ಚಾಕು ಎತ್ತಿಕೊಂಡರು. ಕೇದಗೆಯ ಓಲೆಯ ಒಂದು ದೊಡ್ಡ ತುಂಡು ಅಧ್ಯಕ್ಷರ ಬಾಯಿ ಸೇರಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ, ಮರ್ಯಾದೆಯಿಂದ, ಎಮ್ಮೆ ಮೆಲುಕು ಹಾಕುವ ಹಾಗೆ ಅಗಿದರು.

ಪಂಕಜಕ್ಕ ಅಲ್ಲಿಯವರೆಗೆ ಅತಿಥಿಗಳ ಎದುರು ಹೋದವಳಲ್ಲ, ಹೋಗಬಾರದೆಂದು ಸಮಿತಿಯ ಕಟ್ಟಳೆಯೇ ಇತ್ತು. ಆದರೆ ಓಲೆಯಲ್ಲಿ ಮುಳ್ಳು ಇದೆ. ಮುಳ್ಳು ಗಂಟಲಿಗೆ ಸಿಕ್ಕಿದರೆ ಪುಸ್ತಕದಲ್ಲಿ ಅರ್ಧ ಪುಟವಲ್ಲ, ಹತ್ತು ಪುಟ. ಕೈ ಸೆರಗಿಗೆ ಒರಸಿಕೊಂಡು ಸೀದಾ ಒಳಗೆ ನಡೆದಳು. ಶೆಟ್ಟರು ಕಣ್ಣಲ್ಲೇ ಗದರಿಸಿದರು. ಬಾಯಿ ತುಂಬ ಓಲೆ ಇದ್ದುದರಿಂದ ಬೇರೆ ಉಪಾಯ ಇರಲಿಲ್ಲ. ಪಂಕಜಕ್ಕ ಆ ಹೆಂಗಸಿನ ಎಲೆಯಿಂದ ಒಂದು ಮೂಡೆ ಎತ್ತಿ, ಮುಳ್ಳು ಕಿತ್ತು, ಓಲೆಯನ್ನು ಸುರುಳಿ ಸುರುಳಿಯಾಗಿ ಬಿಚ್ಚಿ, ಒಳಗಿನ ಬಿಳಿ ಉರುಟನ್ನು ಮೀನಿನ ಪಕ್ಕದಲ್ಲಿಟ್ಟು, ತಿನ್ನು ಎಂದು ಕೈಸನ್ನೆ ಮಾಡಿದಳು. ಆಕೆ ತಿಂದಳು. ಇನ್ನೊಂದು ಬಿಚ್ಚಿ ಕೊಡಲು ಬೆರಳು ತೋರಿಸಿದಳು. ಗಂಡ ಬಾಯಲ್ಲಿದ್ದದ್ದನ್ನು ಕೈವಸ್ತ್ರಕ್ಕೆ ಸಾಗಿಸಿ, ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಇಬ್ಬರೂ ಸೇರಿ ಹದಿಮೂರು ಮೂಡೆ, ಒಂಬತ್ತು ಪುಂಡಿ ಮುಗಿಸಿದರು. ಮೀನಿನ ಪಾತ್ರೆಯನ್ನು ಒಳಗೆ ತಂದಾಗ ತೊಳೆಯಲು ಕೆಲಸ ಇರಲಿಲ್ಲ.

ಹೊರಡುವಾಗ ಅತಿಥಿ ಅಭಿಪ್ರಾಯ ಪುಸ್ತಕ ಕೇಳಿ ಪಡೆದು ಬರೆದ. ಕಾರು ತಿರುವು ದಾಟುವವರೆಗೆ ಶೆಟ್ಟರು ಕೈ ಬೀಸಿ, ಮತ್ತೆ ಪುಸ್ತಕ ತೆಗೆದು ದೊಡ್ಡದಾಗಿ ಓದಿ ಅರ್ಥ ಹೇಳಿದರು. ಫಿಲಿಪ್ಪೈನ್ ದೇಶದ ಊಟ ಇಷ್ಟು ರುಚಿ ಎಂದು ನಮಗೆ ಈವರೆಗೆ ತಿಳಿದೇ ಇರಲಿಲ್ಲ. ಈ ಅಡಿಗೆಯವಳನ್ನು ಯಾವ ಕಾರಣಕ್ಕೂ ಬದಲಾಯಿಸಬಾರದು. ಕೆಳಗೆ ರುಜು: ಫಿಲಿಪ್ ಪೈನ್, ಲಿವರ್‌ಪೂಲ್. ಹೆಸರಿನ ಎರಡು ತುಂಡುಗಳ ನಡುವೆ ಒಂದು ಬೆರಳು ಹೋಗುವಷ್ಟು ಜಾಗವಿತ್ತು.

ಶೆಟ್ಟರು ಆ ಜಾಗವನ್ನು ಬಹಳ ಹೊತ್ತು ನೋಡಿದರು. ಲೋಕಯ್ಯ ಮೆಣಸಿನ ಭರಣಿಯನ್ನು ನೋಡಿದ. ಕೊನೆಗೆ ಶೆಟ್ಟರು, ಲಿವರ್‌ಪೂಲ್ ಎಂದು ಆ ದೇಶದಲ್ಲಿಯೂ ಒಂದು ಉಂಟು ಎಂದು ಹೇಳಿ, ಪುಟಕ್ಕೆ ಮೊಹರು ಒತ್ತಿಬಿಟ್ಟರು. ಒತ್ತಿದ ಮೇಲೆ ಅದು ಸತ್ಯವಾಯಿತು.

ಮುಂದಿನ ತಿಂಗಳು ಬಂಗಲೆಗೆ ಬಂದ ದೊಡ್ಡ ಇಂಜಿನಿಯರು ಆ ಪುಟ ಓದಿ, ತಮಗೂ ಅದೇ ಫಿಲಿಪ್ಪೈನ್ ಊಟ ಬೇಕೆಂದು ಹಟ ಹಿಡಿದರು. ಉಂಡು ಮುಗಿಸಿ, ತೇಗಿ, ಅದರ ಕೆಳಗೆಯೇ ತಾವೂ ನಾಲ್ಕು ಸಾಲು ಬರೆದರು. ಊರವರ ಬಾಯಲ್ಲಿ ‘ಮನಿಲಾ’ ಅವಳ ಹೆಸರಿಗೆ ಅಂಟಿದ್ದೂ ಆಗಲೇ. ಸಮಿತಿ ಅಲ್ಲಿಯೇ ಕುಳಿತು, ಪಂಕಜಕ್ಕ ಇರುವಷ್ಟು ಕಾಲ ಬೀಗದ ಕೈ ಅವಳಲ್ಲಿಯೇ ಇರತಕ್ಕದ್ದು ಎಂದು ಠರಾವು ಮಾಡಿತು. ಬಟ್ಲರನಿಗೆ ಬರಬೇಡವೆಂದು ಕಾಗದ ಹೋಯಿತು. ಎರಡಕ್ಕೂ ಶೆಟ್ಟರದ್ದೇ ಮೊಹರು. ಆ ಸಂತೋಷದಲ್ಲಿ ಅವರು ಪಂಕಜಕ್ಕನನ್ನು ಜಗಲಿಗೆ ಕರೆಸಿದರು. ನೋಟ್‌ಬುಕ್ಕು, ಲೋಕಯ್ಯ ಎಲ್ಲ ಆಗಲೇ ಮರೆತುಹೋಗಿತ್ತೋ ಏನೋ, ಇಂಜಿನಿಯರರ ಎದುರು ಗಂಟಲು ಸರಿಮಾಡಿಕೊಂಡು ಕೇಳಿದರು:

“ಇವರಿಗೆ ಹೇಳು ಪಂಕಜಾಕ್ಷಿ, ಈ ಫಿಲಿಪ್ಪೈನ್ ಅಡಿಗೆಯನ್ನು ನೀನು ಕಲಿತದ್ದು ಯಾರ ಹತ್ತಿರ?”

ಪಂಕಜಕ್ಕ ಸೊಂಟ ಮುಟ್ಟಿ ನೋಡಿಕೊಂಡಳು. ಬೀಗದ ಕೈ ಅಲ್ಲೇ ಇತ್ತು.

“ನಿಮ್ಮ ಅಮ್ಮನ ಹತ್ತಿರ ಧನಿ. ಆಗೆಲ್ಲ ನೀವು ಓಲೆ ಬಿಚ್ಚಿಯೇ ತಿಂತಿದ್ರಿ.”